ಹಾಸಿಗೆ ಬಂದ್ ಮಾಡಿದ್ರೆ ಬಂದೂಕು ನಿಲ್ಲುತ್ತಾ?

ಇಯರ್‌ಫೋನ್ ಹಾಕ್ಕೊಂಡಿದ್ದೀರಾ? ಸ್ಪೀಕರ್‌ನಲ್ಲಿ ಕೇಳ್ತಿದ್ರೆ, ಅದೂ ಪಕ್ಕದಲ್ಲಿ ಅಮ್ಮನೋ ಅತ್ತೆಯೋ ಇದ್ರೆ, ಈಗಲೇ ಹಾಕ್ಕೊಂಡುಬಿಡಿ. ಇವತ್ತಿನ ಕಥೆ ಸ್ವಲ್ಪ ಆ ಥರದ್ದು. ಗಂಡಸರು ಯುದ್ಧ ನಿಲ್ಲಿಸೋವರೆಗೂ ಅವರ ಜೊತೆ ಮಲಗೋದಿಲ್ಲ ಅಂತ ಒಂದು ಊರಿನ ಹೆಂಗಸರೆಲ್ಲ ಸೇರಿ ಶಪಥ ಮಾಡೋ ಕಥೆ. ಹಾಸಿಗೆ ಬಂದ್ ಅನ್ನಿ ಬೇಕಾದ್ರೆ.

ಈ ಕಥೆಗೆ 2,400 ವರ್ಷ ದಾಟಿದೆ. ಕ್ರಿ.ಪೂ. 411ರಲ್ಲಿ ಗ್ರೀಸ್‌ನ ಅಥೆನ್ಸ್‌ನಲ್ಲಿ ಅರಿಸ್ಟೋಫೇನಿಸ್ ಅನ್ನೋ ಕವಿ ಆಡಿಸಿದ ಹಾಸ್ಯ ನಾಟಕ, ಹೆಸರು 'ಲೈಸಿಸ್ಟ್ರಾಟಾ'. 2015ರಲ್ಲಿ ಸ್ಪೈಕ್ ಲೀ ಇದೇ ಕಥೆಯನ್ನ ಎತ್ಕೊಂಡು ಶಿಕಾಗೋ ನಗರದ ಗ್ಯಾಂಗ್ ಹೊಡೆದಾಟದ ಮಧ್ಯೆ ಇಟ್ಟು ಸಿನಿಮಾ ಮಾಡಿದ್ರು. ಸಿನಿಮಾ ಹೆಸರು 'ಶೈ-ರಾಕ್'. ಶಿಕಾಗೋದಿಂದ 'ಶೈ', ಇರಾಕ್‌ನಿಂದ 'ರಾಕ್'. ಇದು ಲೀ ಕಟ್ಟಿದ ಪದ ಅಲ್ಲ, ಆ ಊರಿನ ಹುಡುಗರು ತಮ್ಮ ಏರಿಯಾಗೆ ತಾವೇ ಇಟ್ಕೊಂಡಿದ್ದ ಹೆಸರು.

ನಮ್ಮಲ್ಲಿ ಗ್ರೀಕ್ ನಾಟಕ ಅಂದ್ರೆ ದುರಂತ ನಾಟಕವೇ. ಬಿ.ಎಂ.ಶ್ರೀ ಅವರು ಸೋಫೋಕ್ಲಿಸ್‌ನ ನಾಟಕ ಇಟ್ಕೊಂಡು 'ಅಶ್ವತ್ಥಾಮನ್' ಬರೆದರು. ಲಂಕೇಶ್ ಈಡಿಪಸ್‌ನನ್ನೂ ಆಂಟಿಗೊನೆಯನ್ನೂ ಕನ್ನಡಕ್ಕೆ ತಂದರು. ಹಾಗಾಗಿ ಅಳೋ ಗ್ರೀಕರು ನಮಗೆ ಪರಿಚಯ. ಪೋಲಿ ಜೋಕ್ ಹೊಡೆಯೋ ಗ್ರೀಕರು ನನಗೆ ಸಿಕ್ಕಿದ್ದು ಮಾತ್ರ ಈ ಸಿನಿಮಾದಿಂದ. ಮೊದಲು ಸಿನಿಮಾ ನೋಡಿದೆ, ಆಮೇಲೆ ನಾಟಕದ ಇಂಗ್ಲಿಷ್ ಅನುವಾದ ಓದಿದೆ, ಮತ್ತೆ ಸಿನಿಮಾ ನೋಡಿದೆ. ಮೊದಲ ಸಲ ಸಿಕ್ಕಾಪಟ್ಟೆ ನಕ್ಕಿದ್ದೆ. ಎರಡನೇ ಸಲ ನಗು ಅರ್ಧಕ್ಕೇ ನಿಂತಿತು. ಯಾಕೆ ಅನ್ನೋದನ್ನೇ ಇವತ್ತು ಹೇಳ್ಬೇಕು ಅಂತಿದ್ದೀನಿ. ಸ್ಪಾಯ್ಲರ್ ಇದೆ, ಬೈಕೋಬೇಡಿ.

ಸಿನಿಮಾ ಶುರುವಾದಾಗ ಒಂದೆರಡು ನಿಮಿಷ ಕಣ್ಣಿಗೆ ಕಾಣೋದು ಒಂದು ರ‍್ಯಾಪ್ ಹಾಡಿನ ಸಾಲುಗಳು ಮಾತ್ರ. ಆಮೇಲೆ ಅಂಕಿಗಳು ಬರುತ್ತವೆ. ಇರಾಕ್‌ನಲ್ಲಿ, ಅಫ್ಘಾನಿಸ್ತಾನದಲ್ಲಿ ಸತ್ತ ಅಮೆರಿಕನ್ನರ ಲೆಕ್ಕ ಒಂದು ಕಡೆ, 2001ರಿಂದ 2015ರವರೆಗೆ ಶಿಕಾಗೋದಲ್ಲಿ ಕೊಲೆಯಾದವರ ಲೆಕ್ಕ ಇನ್ನೊಂದು ಕಡೆ. ಶಿಕಾಗೋದ್ದು 7 ಸಾವಿರ ದಾಟಿದೆ. ಎರಡು ಯುದ್ಧ ಸೇರಿಸಿದ್ರೂ ಒಂದೇ ಒಂದು ಊರಿನ ಲೆಕ್ಕಕ್ಕೆ ಸಮ ಬರಲ್ಲ.

ಆಮೇಲೆ ಬರ್ತಾರೆ ಸ್ಯಾಮ್ಯುಯೆಲ್ ಜಾಕ್ಸನ್. ಕಣ್ಣಿಗೆ ರಾಚೋ ಬಣ್ಣದ ಸೂಟು, ಕೈಯಲ್ಲೊಂದು ಕೋಲು, ಡಾಲ್ಮಿಡೀಸ್ ಅಂತ ಹೆಸರು. ಗ್ರೀಕ್ ನಾಟಕದಲ್ಲಿ ಮೇಳ ಮಾಡೋ ಕೆಲಸವನ್ನ ಇಲ್ಲಿ ಇವರೊಬ್ಬರೇ ಮಾಡ್ತಾರೆ. ನಮ್ಮ ಸೂತ್ರಧಾರ ಇದ್ದಾನಲ್ಲ, ಹಾಗೆ. ಪಾತ್ರಗಳೂ ಬಹುಪಾಲು ಪ್ರಾಸದಲ್ಲೇ ಮಾತಾಡ್ತವೆ. ಹತ್ತು ನಿಮಿಷ ವಿಚಿತ್ರ ಅನ್ಸುತ್ತೆ, ಆಮೇಲೆ ಕಿವಿ ಒಗ್ಗಿಕೊಳ್ಳುತ್ತೆ.

ಎರಡು ಗ್ಯಾಂಗು. ನೇರಳೆ ಬಣ್ಣದವರು ಸ್ಪಾರ್ಟನ್ನರು, ಅವರ ಲೀಡರ್ ಶೈ-ರಾಕ್, ನಿಕ್ ಕ್ಯಾನನ್ ಮಾಡಿರೋ ಪಾತ್ರ. ಕಿತ್ತಳೆ ಬಣ್ಣದವರು ಟ್ರೋಜನ್ನರು, ಅವರ ಲೀಡರ್ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿರೋ ಸೈಕ್ಲಾಪ್ಸ್, ವೆಸ್ಲಿ ಸ್ನೈಪ್ಸ್. ಶೈ-ರಾಕ್‌ನ ಗೆಳತಿಯೇ ಲೈಸಿಸ್ಟ್ರಾಟಾ, ತೆಯೋನಾ ಪ್ಯಾರಿಸ್. ಒಂದು ದಿನ ಗ್ಯಾಂಗುಗಳ ಗುಂಡು ದಾರಿ ತಪ್ಪಿ ಒಬ್ಬ ಪುಟ್ಟ ಹುಡುಗಿಗೆ ಬೀಳುತ್ತೆ. ಲೈಸಿಸ್ಟ್ರಾಟಾ ಎರಡೂ ಗ್ಯಾಂಗಿನ ಹುಡುಗಿಯರನ್ನ ಒಟ್ಟು ಸೇರಿಸಿ ಬಂದ್ ಘೋಷಣೆ ಮಾಡ್ತಾಳೆ. ಶಾಂತಿ ಬರೋವರೆಗೂ ಏನೂ ಸಿಗಲ್ಲ ಅಂತ. ಘೋಷಣೆಯ ಮೂಲ ಪದಗಳನ್ನ ನಾನಿಲ್ಲಿ ಹೇಳಲ್ಲ, ನನ್ನ ಎಪಿಸೋಡ್‌ಗಳನ್ನ ನಮ್ಮಮ್ಮನೂ ಕೇಳ್ತಾರೆ.

ಸತ್ತ ಹುಡುಗಿಯ ತಾಯಿ ಐರೀನ್. ಜೆನಿಫರ್ ಹಡ್ಸನ್ ಮಾಡಿದ್ದಾರೆ. ಮಗಳು ಬಿದ್ದ ಜಾಗದಲ್ಲಿ ಮಂಡಿಯೂರಿ ಕೂತು ರಸ್ತೆ ಮೇಲಿನ ರಕ್ತವನ್ನ ಉಜ್ಜಿ ತೊಳೆಯೋ ಒಂದು ದೃಶ್ಯ ಇದೆ. ಜೆನಿಫರ್ ಹಡ್ಸನ್ ಇದೇ ಶಿಕಾಗೋದ ಎಂಗಲ್‌ವುಡ್‌ನಲ್ಲಿ ಬೆಳೆದವರು. 2008ರಲ್ಲಿ ಅವರ ತಾಯಿ, ಅಣ್ಣ, ಅಕ್ಕನ ಪುಟ್ಟ ಮಗ, ಮೂವರನ್ನೂ ಇದೇ ಊರಲ್ಲಿ ಗುಂಡಿಟ್ಟು ಕೊಂದರು. ಅದು ಗ್ಯಾಂಗ್ ಗಲಾಟೆ ಅಲ್ಲ, ಬೇರೆ ಕಥೆ. ಆದ್ರೆ ಆ ದೃಶ್ಯ ನೋಡುವಾಗ ನಾನು ನಟನೆ ನೋಡ್ತಿದ್ದೀನಿ ಅಂತ ಅನ್ನಿಸಲೇ ಇಲ್ಲ.

ಇಲ್ಲೇ ಸಿನಿಮಾದ ಕಷ್ಟ ಇರೋದು. ಈ ದೃಶ್ಯ ಮುಗಿದು ಸ್ವಲ್ಪ ಹೊತ್ತಿಗೆಲ್ಲ ಮಲಗೋದರ ಬಗ್ಗೆ ಜೋಕು, ಡ್ಯಾನ್ಸು, ಅರ್ಧ ಬಟ್ಟೆಯ ಜನರಲ್ಲು. ಪಕ್ಕದಲ್ಲಿ ನನ್ನ ರೂಮ್‌ಮೇಟ್ ಕೂತಿದ್ಲು. "ಇವರಿಗೆ ನಾವು ಅಳಬೇಕಾ, ನಗಬೇಕಾ, ಅದನ್ನ ಮೊದ್ಲು ಹೇಳ್ಲಿ" ಅಂದ್ಲು.

ಶಿಕಾಗೋದವರಿಗೂ ಹಾಗೇ ಅನ್ನಿಸಿತ್ತು. ಮೇಯರ್ ರಾಮ್ ಇಮ್ಯಾನುಯೆಲ್ ಅವರಿಗೆ ಸಿನಿಮಾ ಹೆಸರೇ ಇಷ್ಟ ಆಗಲಿಲ್ಲ. ಅದು ಬಿಡಿ, ಊರಿನ ಹೆಸರು ಕೆಡುತ್ತೆ ಅನ್ನೋದು ಎಲ್ಲ ಊರಿನ ಎಲ್ಲ ಮೇಯರ್‌ಗಳ ಮಾಮೂಲಿ ಚಿಂತೆ. ನನ್ನನ್ನ ಕಾಡಿದ್ದು ಚಾನ್ಸ್ ದ ರ‍್ಯಾಪರ್ ಹೇಳಿದ್ದು. ಅವರು ಅದೇ ಸೌತ್ ಸೈಡ್‌ನ ಹುಡುಗ. ಹೆಂಗಸರು ಮಲಗಲ್ಲ ಅಂದ್ರೆ ಕೊಲೆ ನಿಂತುಹೋಗುತ್ತೆ ಅನ್ನೋದೇ ಮಕ್ಕಳನ್ನ ಕಳ್ಕೊಂಡ ತಾಯಂದಿರ ಮುಖಕ್ಕೆ ಹೊಡೆದ ಹಾಗೆ ಅನ್ನೋದು ಅವರ ಮಾತಿನ ಸಾರ. ಅದಕ್ಕೆ ಸ್ಪೈಕ್ ಲೀ ಏನಂದ್ರು ಗೊತ್ತಾ? ಅವನ ಅಪ್ಪ ಮೇಯರ್ ಆಫೀಸಲ್ಲಿ ಕೆಲಸ ಮಾಡ್ತಾರೆ, ಅದನ್ನ ಮೊದಲು ಹೇಳ್ಲಿ ಅಂದ್ರು. ಅಪ್ಪ ಅಲ್ಲಿ ಕೆಲಸ ಮಾಡ್ತಿದ್ದದ್ದು ನಿಜವೇ. ಆದ್ರೆ ಅದು ಉತ್ತರ ಅಲ್ವಲ್ಲ ಸರ್.

ಇನ್ನೊಂದು ವಿಷಯ. ಸಿನಿಮಾ ಬಿಡುಗಡೆ ಆಗಿದ್ದು 2015ರ ಡಿಸೆಂಬರ್ 4ಕ್ಕೆ. ಅದಕ್ಕೆ ಹತ್ತು ದಿನ ಮುಂಚೆ, ನವೆಂಬರ್ 24ಕ್ಕೆ, ಶಿಕಾಗೋದ ಪೊಲೀಸ್ ಅಧಿಕಾರಿಯೊಬ್ಬ 17 ವರ್ಷದ ಲಕ್ವಾನ್ ಮೆಕ್‌ಡೊನಾಲ್ಡ್‌ಗೆ 16 ಗುಂಡು ಹೊಡೆದ ವಿಡಿಯೋ ಹೊರಗೆ ಬಂತು. ಗುಂಡು ಹೊಡೆದಿದ್ದು 2014ರ ಅಕ್ಟೋಬರ್‌ನಲ್ಲಿ, ವಿಡಿಯೋ ಹೊರಗೆ ಬರೋಕೆ ವರ್ಷದ ಮೇಲಾಯ್ತು. ಜನ ಬೀದಿಗಿಳಿದರು. ಪೊಲೀಸ್ ಮುಖ್ಯಸ್ಥರನ್ನ ಮೇಯರ್ ಕೆಲಸದಿಂದ ತೆಗೆದರು. ಇಷ್ಟೆಲ್ಲ ನಡೀತಿರುವಾಗ ಥಿಯೇಟರ್‌ನಲ್ಲಿ ಒಂದು ಸಿನಿಮಾ, ಹುಡುಗಿಯರೇ ನೀವು ಮನಸ್ಸು ಮಾಡಿದ್ರೆ ಎಲ್ಲ ಸರಿಹೋಗುತ್ತೆ ಅಂತ ಹೇಳ್ತಿದೆ. ಸಿಟ್ಟು ಬರದೇ ಇರುತ್ತಾ?

ನನಗೂ ಬಂತು. ಹೆಣ್ಣುಮಕ್ಕಳೇ ಗಂಡಸರನ್ನ ತಿದ್ದಬೇಕು, ಮದುವೆ ಮಾಡಿ ಎಲ್ಲ ಸರಿಹೋಗ್ತಾನೆ ಅನ್ನೋ ಮಾತನ್ನ ನಾವೇನು ಕೇಳಿಲ್ವಾ? ಗುಂಡು ಹಾರಿಸೋನು ಒಬ್ಬ, ಅವನನ್ನ ನಿಲ್ಲಿಸೋ ಜವಾಬ್ದಾರಿ ಇನ್ನೊಬ್ಬಳದ್ದು. ಇದರಲ್ಲಿ ಕಾಮಿಡಿ ಎಲ್ಲಿದೆ ಅಂತ ಕೂತಿದ್ದೆ. ಆಮೇಲೆ ನಾಟಕ ಓದಿದೆ. ಓದಿದ ಮೇಲೆ ನನ್ನ ಸಿಟ್ಟಿನ ದಿಕ್ಕು ಸ್ವಲ್ಪ ಬದಲಾಯ್ತು.

ನಾನು ಬಿಕಾಂ ಓದಿದವಳು. ಯಾವ ಕಥೆ ಕೇಳಿದ್ರೂ ಇದಕ್ಕೆ ದುಡ್ಡು ಎಲ್ಲಿಂದ ಬಂತು ಅಂತ ನೋಡೋ ಚಟ. 'ಲೈಸಿಸ್ಟ್ರಾಟಾ' ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಹಾಸಿಗೆ. ಆದ್ರೆ ನಾಟಕದಲ್ಲಿ ಪ್ಲ್ಯಾನ್ ಒಂದಲ್ಲ, ಎರಡು. ವಯಸ್ಸಿನ ಹೆಂಗಸರು ಗಂಡಂದಿರಿಂದ ದೂರ ಇರೋದು ಒಂದು. ಅದೇ ಹೊತ್ತಿಗೆ ಊರಿನ ಅಜ್ಜಿಯರು ಅಕ್ರೋಪೊಲಿಸ್ ಗುಡ್ಡ ಹತ್ತಿ, ಬಾಗಿಲು ಹಾಕ್ಕೊಂಡು ಕೂತುಬಿಡ್ತಾರೆ. ಯಾಕೆ ಅಲ್ಲೇ? ಯಾಕಂದ್ರೆ ಅಥೆನ್ಸ್‌ನ ಖಜಾನೆ ಇರೋದು ಅಲ್ಲಿ.

ಈ ಖಜಾನೆಯ ಕಥೆ ಸ್ವಲ್ಪ ಬಿಡಿಸಿ ಹೇಳ್ತೀನಿ, ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದು. ಅಥೆನ್ಸ್‌ಗೂ ಸ್ಪಾರ್ಟಾಗೂ ಕ್ರಿ.ಪೂ. 431ರಲ್ಲಿ ಯುದ್ಧ ಶುರುವಾಯ್ತು. ಆಗಲೇ ಅಥೆನ್ಸ್‌ನವರು 1,000 ಟ್ಯಾಲೆಂಟ್ ದುಡ್ಡನ್ನ ಎಮರ್ಜೆನ್ಸಿ ಫಂಡ್ ಅಂತ ಎತ್ತಿಟ್ಟರು. ಒಂದು ಟ್ಯಾಲೆಂಟ್ ಅಂದ್ರೆ ಸುಮಾರು 26 ಕೆಜಿ ಬೆಳ್ಳಿ. ಹಾಗಾದ್ರೆ 26 ಟನ್. ಶತ್ರುಗಳ ಹಡಗು ಊರಿನ ಮೇಲೇ ಬಿದ್ದಾಗ ಬಿಟ್ಟು ಬೇರೆ ಯಾವುದಕ್ಕಾದ್ರೂ ಇದನ್ನ ಮುಟ್ಟೋಣ ಅಂತ ಸಲಹೆ ಕೊಟ್ಟವನಿಗೂ ಮರಣದಂಡನೆ. ಈಗ ಖರ್ಚು ನೋಡಿ. ಒಂದು ಯುದ್ಧದ ಹಡಗಿಗೆ 200 ಜನ. ತಲೆಗೆ ದಿನಕ್ಕೆ ಒಂದು ಡ್ರಾಕ್ಮಾ ಕೂಲಿ ಹಿಡಿದ್ರೆ, ತಿಂಗಳಿಗೆ 6,000 ಡ್ರಾಕ್ಮಾ. 6,000 ಡ್ರಾಕ್ಮಾಗೆ ಒಂದು ಟ್ಯಾಲೆಂಟ್. ಅಂದ್ರೆ ಒಂದು ಹಡಗು, ಒಂದು ತಿಂಗಳು, 26 ಕೆಜಿ ಬೆಳ್ಳಿ ಸ್ವಾಹಾ. ಕ್ರಿ.ಪೂ. 413ರಲ್ಲಿ ಸಿಸಿಲಿಗೆ ಹೋದ ದೊಡ್ಡ ಪಡೆ ಪೂರ್ತಿ ಮಣ್ಣುಪಾಲಾಯ್ತು. ಹಡಗೂ ಹೋಯ್ತು, ಹುಡುಗರೂ ಹೋದರು. ಮುಂದಿನ ವರ್ಷ ಅಧೀನದಲ್ಲಿದ್ದ ಊರುಗಳು ತಿರುಗಿಬಿದ್ದವು. ಆಗ ಆ ಎಮರ್ಜೆನ್ಸಿ ಫಂಡಿಗೂ ಕೈ ಹಾಕಿದರು. ಅದರ ಮಾರನೇ ವರ್ಷವೇ ಈ ನಾಟಕ.

ಈಗ ಯೋಚನೆ ಮಾಡಿ. ಮಗನನ್ನ ಕಳ್ಕೊಂಡವರು, ಊರಿನ ಕೊನೇ ಉಳಿತಾಯವನ್ನೂ ಒಡೆದಿದ್ದಾರೆ ಅಂತ ಗೊತ್ತಿರೋರು, ಆ ಜನ ನೋಡ್ತಿರೋ ನಾಟಕದಲ್ಲಿ ಒಬ್ಬ ಅಧಿಕಾರಿ ಖಜಾನೆ ಬಾಗಿಲಿಗೆ ಬರ್ತಾನೆ. ಹಡಗಿನ ಹುಟ್ಟಿಗೆ ಮರ ತರಬೇಕು, ದುಡ್ಡು ಕೊಡಿ ಅಂತಾನೆ. ಕೊಡಲ್ಲ ಅಂತಾಳೆ ಲೈಸಿಸ್ಟ್ರಾಟಾ. ಇನ್ಮೇಲೆ ದುಡ್ಡು ನಾವು ನೋಡ್ಕೋತೀವಿ, ಮನೆ ಖರ್ಚು ಇಷ್ಟು ದಿನ ನಾವೇ ತಾನೇ ನೋಡ್ಕೊಂಡಿದ್ದು ಅನ್ನೋದು ಅವಳ ವಾದ. ಉಣ್ಣೆ ತೊಳೆದು, ಕಸ ತೆಗೆದು, ನೂಲು ಮಾಡಿ ಬಟ್ಟೆ ನೇಯ್ತೀವಲ್ಲ, ಊರನ್ನೂ ಹಾಗೇ ಮಾಡಬೇಕು ಅಂತ ಅವನಿಗೆ ಪಾಠ ಬೇರೆ. ಅಜ್ಜಿಯರನ್ನ ಹೊಗೆ ಹಾಕಿ ಓಡಿಸೋಣ ಅಂತ ಊರಿನ ಮುದುಕರು ಸೌದೆ, ಬೆಂಕಿ ಹೊತ್ತುಕೊಂಡು ಏದುಸಿರು ಬಿಡ್ತಾ ಗುಡ್ಡ ಹತ್ತುತ್ತಾರೆ. ಅಜ್ಜಿಯರು ಕೊಡಗಟ್ಟಲೆ ನೀರು ತಂದು ಅವರ ತಲೆ ಮೇಲೇ ಸುರೀತಾರೆ. ಓದ್ತಾ ಓದ್ತಾ ಜೋರಾಗಿ ನಕ್ಕಿದ್ದೀನಿ.

ಶಪಥ ಮಾಡಿದ ಹೆಂಗಸರೂ ಸಾಚಾಗಳೇನಲ್ಲ. ಕೆಲವು ದಿನ ಆದ ಮೇಲೆ ಅವರಿಗೂ ಗಂಡಂದಿರ ನೆನಪು. ಒಬ್ಬಳು ಮನೇಲಿ ಉಣ್ಣೆಗೆ ಹುಳ ಹಿಡೀತಿದೆ, ಹೋಗಿ ಬರ್ತೀನಿ ಅಂತಾಳೆ. ಇನ್ನೊಬ್ಬಳು ಬಟ್ಟೆ ಒಳಗೆ ದೇವಿಯ ಶಿರಸ್ತ್ರಾಣ ಇಟ್ಕೊಂಡು, ಹೆರಿಗೆ ನೋವು ಶುರುವಾಯ್ತು ಬಿಡಿ ಅಂತ ನಾಟಕ ಆಡ್ತಾಳೆ. ಅವಳಿಗೆ ನಿನ್ನೆವರೆಗೂ ಹೊಟ್ಟೇನೇ ಇರಲಿಲ್ಲ! ಅಂದ್ರೆ ಕವಿಗೂ ಗೊತ್ತು, ಹಾಸಿಗೆ ಬಂದ್ ಒಂದರಿಂದಲೇ ಆಗಲ್ಲ ಅಂತ. ಅದು ಜನರನ್ನ ಥಿಯೇಟರ್‌ಗೆ ಎಳೆಯೋ ಪೋಸ್ಟರ್. ಯುದ್ಧದ ಕತ್ತು ಹಿಡಿಯೋದು ಬೀಗ ಹಾಕಿದ ಖಜಾನೆ. ಕನಿಷ್ಠ ನನಗೆ ಹಾಗೆ ಕಂಡಿತು.

ಸಿನಿಮಾಗೆ ವಾಪಸ್ ಬನ್ನಿ. ಇಲ್ಲೂ ಹೆಂಗಸರು ಒಂದು ಕಟ್ಟಡ ಹಿಡೀತಾರೆ. ಖಜಾನೆ ಅಲ್ಲ, ಮಿಲಿಟರಿಯ ಶಸ್ತ್ರಾಗಾರ. ಅಲ್ಲಿನ ಜನರಲ್ ಒಬ್ಬ ಹುಚ್ಚ, ಅವನನ್ನ ಮರುಳು ಮಾಡಿ ಕಟ್ಟಿಹಾಕ್ತಾರೆ. ಆ ಪಾತ್ರ ಮಾಡಿರೋರು ಡೇವಿಡ್ ಪ್ಯಾಟ್ರಿಕ್ ಕೆಲ್ಲಿ. ಗ್ಯಾಂಗ್ ಸಿನಿಮಾ ಪ್ರಿಯರಿಗೆ ಇವರ ಮುಖ ಗೊತ್ತಿರುತ್ತೆ, 1979ರ 'ದಿ ವಾರಿಯರ್ಸ್' ಸಿನಿಮಾದ ವಿಲನ್. ತಮಾಷೆ ಏನಂದ್ರೆ ನ್ಯೂಯಾರ್ಕ್ ಗ್ಯಾಂಗುಗಳ ಆ ಸಿನಿಮಾದ ಬೇರೂ ಗ್ರೀಕ್‌ನಲ್ಲೇ ಇದೆ, ಪರ್ಷಿಯಾದಲ್ಲಿ ಸಿಕ್ಕಿಹಾಕ್ಕೊಂಡ ಸೈನಿಕರು ಮನೆಗೆ ವಾಪಸ್ ಬಂದ ಬಗ್ಗೆ ಜೆನೊಫನ್ ಬರೆದ ಕಥನದಲ್ಲಿ. ಲೀ ಬೇಕಂತಲೇ ಅವರನ್ನ ಹಾಕ್ಕೊಂಡ್ರೋ ಏನೋ, ನನಗಂತೂ ಖುಷಿಯಾಯ್ತು.

ಖುಷಿ ಅಷ್ಟಕ್ಕೇ. ಶಸ್ತ್ರಾಗಾರಕ್ಕೆ ಬೀಗ ಹಾಕಿದ್ರೆ ಶೈ-ರಾಕ್‌ಗೂ ಸೈಕ್ಲಾಪ್ಸ್‌ಗೂ ಏನು ನಷ್ಟ? ಅವರ ಸೊಂಟದಲ್ಲಿರೋ ಪಿಸ್ತೂಲು ಅಲ್ಲಿಂದ ಬಂದಿದ್ದಲ್ಲವಲ್ಲ. ಶಿಕಾಗೋ ನಗರಾಡಳಿತವೇ 2017ರಲ್ಲಿ ಒಂದು ವರದಿ ಕೊಟ್ಟಿತು. ಪೊಲೀಸರು ವಶಪಡಿಸಿಕೊಂಡು ಮೂಲ ಪತ್ತೆ ಮಾಡಿದ ಬಂದೂಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೇರೆ ರಾಜ್ಯದವು, ಅದರಲ್ಲೂ ಇಂಡಿಯಾನಾ ರಾಜ್ಯದ್ದೇ ಮೇಲುಗೈ. ಇಂಡಿಯಾನಾ ಅಂದ್ರೆ ದೂರ ಏನಿಲ್ಲ, ಶಿಕಾಗೋದ ಆಗ್ನೇಯ ಅಂಚಿಗೇ ಅಂಟಿಕೊಂಡಿದೆ. ಒಂದು ರಸ್ತೆ ದಾಟಿದ್ರೆ ಕಾನೂನು ಬೇರೆ. ಅರಿಸ್ಟೋಫೇನಿಸ್‌ನ ಅಜ್ಜಿಯರನ್ನ ಇವತ್ತು ಶಿಕಾಗೋಗೆ ಕರ್ಕೊಂಡು ಬಂದಿದ್ರೆ ಅವರು ಶಸ್ತ್ರಾಗಾರಕ್ಕೆ ಹೋಗ್ತಿದ್ರು ಅಂತ ನನಗನ್ನಿಸಲ್ಲ. ಆ ರಸ್ತೆ ಆಚೆ ಇರೋ ಅಂಗಡಿಗಳ ಮುಂದೆ ಚಾಪೆ ಹಾಕ್ತಿದ್ರು.

ಇದು ಲೀಗೆ ಗೊತ್ತಿಲ್ಲ ಅಂತಲ್ಲ. ಸಿನಿಮಾದಲ್ಲಿ ಒಬ್ಬ ಪಾದ್ರಿ ಇದ್ದಾರೆ, ಜಾನ್ ಕ್ಯೂಸಾಕ್. ಸೌತ್ ಸೈಡ್‌ನ ಸೇಂಟ್ ಸಬೀನಾ ಚರ್ಚಿನ ಫಾದರ್ ಮೈಕಲ್ ಫ್ಲೆಗರ್ ಅನ್ನೋ ನಿಜವಾದ ಪಾದ್ರಿಯ ಮೇಲೆ ಕಟ್ಟಿದ ಪಾತ್ರ. ಆ ಮಗುವಿನ ಅಂತ್ಯಸಂಸ್ಕಾರದಲ್ಲಿ ಅವರು ಕೊಡೋ ಭಾಷಣ ಇದೆಯಲ್ಲ, ಅದರಲ್ಲಿ ಎಲ್ಲ ಬರುತ್ತೆ. ಕೆಲಸ ಇಲ್ಲದ ಹುಡುಗರು, ಬಂದೂಕು ಲಾಬಿಯ ಜೇಬಲ್ಲಿರೋ ರಾಜಕಾರಣಿಗಳು, ಕೈಬಿಟ್ಟ ಏರಿಯಾಗಳು. ಕಾಮಿಡಿ ಪೂರ್ತಿ ನಿಂತುಹೋಗುತ್ತೆ, ಪ್ರಾಸವೂ ಇಲ್ಲ. ಅಂದ್ರೆ ದುಡ್ಡಿನ ಲೆಕ್ಕ ಸಿನಿಮಾ ಒಳಗೇ ಇದೆ, ಆದ್ರೆ ಭಾಷಣದಲ್ಲಿ ಮಾತ್ರ ಇದೆ. ಕಥೆ ನಡೆಸೋದು ಹಾಸಿಗೆಯೇ. ನಾಟಕದಲ್ಲಿ ಲೈಸಿಸ್ಟ್ರಾಟಾ ಬಾಯಲ್ಲಿದ್ದ ಲೆಕ್ಕಾಚಾರ ಇಲ್ಲಿ ಒಬ್ಬ ಪಾದ್ರಿಯ ಪಾಲಾಯ್ತು ಅನ್ನೋದು ನನ್ನ ದೊಡ್ಡ ತಕರಾರು.

ಹಾಗಾದ್ರೆ ನಿಜ ಜೀವನದಲ್ಲಿ ಇಂಥ ಬಂದ್ ಯಾರೂ ಮಾಡಿಲ್ವಾ? ಮಾಡಿದ್ದಾರೆ. 2006ರಲ್ಲಿ ಕೊಲಂಬಿಯಾದ ಪೆರೇರಾ ಊರಲ್ಲಿ ಗ್ಯಾಂಗ್ ಹುಡುಗರ ಹೆಂಡತಿ-ಗೆಳತಿಯರು ಇದನ್ನೇ ಮಾಡಿದರು. ಹುಡುಗರು ಗ್ಯಾಂಗ್ ಸೇರೋದು ದುಡ್ಡಿಗಿಂತ ಹೆಚ್ಚಾಗಿ ಹುಡುಗಿಯರ ಮುಂದೆ ಹೀರೋ ಆಗೋಕೆ ಅನ್ನೋದು ಅಲ್ಲಿನವರಿಗೆ ಕಂಡಿತ್ತು. ಹಾಗಿದ್ರೆ ಬಂದೂಕು ಹಿಡಿದವನು ನಮಗೆ ಹೀರೋ ಅಲ್ಲ ಅಂತ ಹುಡುಗಿಯರೇ ಹೇಳಿಬಿಡೋಣ ಅಂದ್ರು. ಇದು ನನಗೆ ಅರ್ಥ ಆಗುತ್ತೆ. ಮಚ್ಚು ಹಿಡಿದು ಸ್ಲೋ ಮೋಷನ್‌ನಲ್ಲಿ ನಡೆದು ಬಂದವನಿಗೆ ಶಿಳ್ಳೆ ಹೊಡೆದು ಬೆಳೆದವರು ನಾವೂ ಹೌದಲ್ವಾ.

ಇನ್ನೊಂದು ಲೈಬೀರಿಯಾ. ಸಿನಿಮಾದಲ್ಲಿ ಮಿಸ್ ಹೆಲೆನ್ ಅನ್ನೋ ಹಿರಿಯ ಹೆಂಗಸು, ಆಂಜೆಲಾ ಬ್ಯಾಸೆಟ್, ಲೈಸಿಸ್ಟ್ರಾಟಾಗೆ ಈ ಐಡಿಯಾ ಕೊಡೋದೇ ಲೀಮಾ ಬೋವೀ ಹೆಸರು ಹೇಳಿ. 2003ರಲ್ಲಿ ಲೈಬೀರಿಯಾದ ಅಂತರ್ಯುದ್ಧ ನಿಲ್ಲಿಸೋಕೆ ಬಿಳಿ ಬಟ್ಟೆ ತೊಟ್ಟು ಬೀದಿಗಿಳಿದ ಸಾವಿರಾರು ಹೆಂಗಸರ ನಾಯಕಿ, 2011ರ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೊಂಡವರು. ಅವರೂ ಗಂಡಂದಿರಿಂದ ದೂರ ಇರೋ ಮುಷ್ಕರ ಮಾಡಿದ್ದರು. ಆದ್ರೆ ಅದರಿಂದ ಯುದ್ಧಕ್ಕೆ ಅಂಥ ಪೆಟ್ಟೇನೂ ಬೀಳಲಿಲ್ಲ, ಪತ್ರಕರ್ತರ ಗಮನ ಮಾತ್ರ ಚೆನ್ನಾಗಿ ಸಿಕ್ಕಿತು ಅಂತ ಅವರೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಅವರ ದೊಡ್ಡ ಪೆಟ್ಟು ಬೇರೆ. ಘಾನಾದ ಅಕ್ರಾದಲ್ಲಿ ಶಾಂತಿ ಮಾತುಕತೆ ನಡೀತಿತ್ತು. ನಾಯಕರು ಒಳ್ಳೇ ಹೋಟೆಲಲ್ಲಿ ಉಳ್ಕೊಂಡು ದಿನ ತಳ್ತಿದ್ದರು. ಈ ಹೆಂಗಸರು ಹೋಗಿ ಸಭಾಂಗಣದ ಬಾಗಿಲಿಗೆ ಅಡ್ಡ ಕೂತರು, ಒಪ್ಪಂದ ಆಗೋವರೆಗೂ ಯಾರೂ ಹೊರಗೆ ಹೋಗೋ ಹಾಗಿಲ್ಲ ಅಂತ. ನೋಡಿ, ಮತ್ತೆ ಬಾಗಿಲಿಗೇ ಬಂದ್ವಿ.

ಶಿಕಾಗೋದಲ್ಲೂ ಒಂದು ಬಾಗಿಲಿನ ಕಥೆ ಇದೆ. ಸಿನಿಮಾದ ಕೊನೆಗೆ ಶಾಂತಿ ಒಪ್ಪಂದ ಆಗುತ್ತೆ. ದೊಡ್ಡ ಕಂಪನಿಗಳು ಏರಿಯಾದವರಿಗೆಲ್ಲ ಕೆಲಸ ಕೊಡ್ತೀವಿ ಅಂತವೆ, ಟ್ರಾಮಾ ಸೆಂಟರ್ ಕಟ್ಟೋ ಮಾತು ಬರುತ್ತೆ. ಮೊದಲ ಸಲ ಇದನ್ನ ನೋಡಿ, ಎಲ್ಲ ಸುಳ್ಳು ಅಂತ ನಕ್ಕಿದ್ದೆ. ಟ್ರಾಮಾ ಸೆಂಟರ್ ಮಾತು ಎಲ್ಲಿಂದ ಬಂತು ಅಂತ ಹುಡುಕಿದಾಗ ಸಿಕ್ಕಿದ್ದು ಇದು. ಗುಂಡೇಟು ಬಿದ್ದ ದೊಡ್ಡವರನ್ನ ನೋಡೋ ಟ್ರಾಮಾ ಸೆಂಟರ್ ಸೌತ್ ಸೈಡ್‌ನಲ್ಲಿ ಸುಮಾರು 27 ವರ್ಷ ಇರಲೇ ಇಲ್ಲ. ದಿನಾ ಗುಂಡು ಹಾರೋ ಜಾಗದಲ್ಲಿ! 2010ರಲ್ಲಿ 18 ವರ್ಷದ ಹುಡುಗನೊಬ್ಬನಿಗೆ ಗುಂಡು ಬಿತ್ತು. ಹತ್ತಿರದಲ್ಲೇ ಶಿಕಾಗೋ ವಿಶ್ವವಿದ್ಯಾಲಯದ ಆಸ್ಪತ್ರೆ ಇತ್ತು. ಆದ್ರೆ ಅಲ್ಲಿ ಆ ವ್ಯವಸ್ಥೆ ಇರಲಿಲ್ಲ. ಮೈಲಿಗಟ್ಟಲೆ ದೂರದ ಇನ್ನೊಂದು ಆಸ್ಪತ್ರೆಗೆ ಸಾಗಿಸಿದರು, ಉಳೀಲಿಲ್ಲ. ಅವನೂ ಏರಿಯಾದ ಹುಡುಗರ ಸಂಘಟನೆಯಲ್ಲಿ ಇದ್ದವನೇ. ಅವನ ಗೆಳೆಯರು, ಏರಿಯಾದವರು ವರ್ಷಗಟ್ಟಲೆ ಆ ವಿಶ್ವವಿದ್ಯಾಲಯದ ಬೆನ್ನು ಬಿಡಲಿಲ್ಲ. ಮೆರವಣಿಗೆ, ಧರಣಿ, ಅರೆಸ್ಟು, ಎಲ್ಲ ಆಯ್ತು. 2018ರ ಮೇ 1ಕ್ಕೆ ಅಲ್ಲಿ ಟ್ರಾಮಾ ಸೆಂಟರ್ ಬಾಗಿಲು ತೆರೀತು. ಸಿನಿಮಾದಲ್ಲಿ ನಾನು ಸುಳ್ಳು ಅಂದುಕೊಂಡಿದ್ದ ಮಾತುಗಳಲ್ಲಿ ನಿಜ ಆಗಿದ್ದು ಇದೊಂದು.

ಕೊಲೆ ಮಾತ್ರ ಸಿನಿಮಾ ಬಂದ ಮಾರನೇ ವರ್ಷ ಇನ್ನೂ ಹೆಚ್ಚಾಯ್ತು. 2016ರಲ್ಲಿ 760ರ ಮೇಲೆ. ಸಿನಿಮಾದ ತಪ್ಪು ಅಂತಲ್ಲ, ಸಿನಿಮಾ ಅದನ್ನ ನಿಲ್ಲಿಸಬೇಕಿತ್ತು ಅಂತಲೂ ಅಲ್ಲ. ಅಥೆನ್ಸ್‌ನಲ್ಲೂ ನಾಟಕದ ಒಳಗೆ ಶಾಂತಿ ಬಂತು, ಹೊರಗೆ ಯುದ್ಧ ಇನ್ನೂ ಏಳು ವರ್ಷ ನಡೆದು ಕ್ರಿ.ಪೂ. 404ರಲ್ಲಿ ಅಥೆನ್ಸ್ ಸೋತು ಶರಣಾಯ್ತು.

ಇಷ್ಟೆಲ್ಲ ಬೈದ ಮೇಲೂ ಸಿನಿಮಾ ನೋಡಿ ಅಂತಲೇ ಹೇಳ್ತೀನಿ. ಕೊನೇ ಭಾಗದಲ್ಲಿ, ನಿಜವಾಗಿಯೂ ಮಕ್ಕಳನ್ನ ಕಳ್ಕೊಂಡ ಶಿಕಾಗೋದ ತಾಯಂದಿರು ಬಿಳಿ ಬಟ್ಟೆಯಲ್ಲಿ, ಮಕ್ಕಳ ಫೋಟೋ ಹಿಡ್ಕೊಂಡು ನಿಲ್ತಾರೆ. ಅವರ ಮುಂದೆಯೇ ಶೈ-ರಾಕ್, ಐರೀನ್ ಮಗಳನ್ನ ಕೊಂದಿದ್ದು ನಾನೇ ಅಂತ ಒಪ್ಪಿಕೊಳ್ತಾನೆ. ಅಲ್ಲಿ ಜೋಕಿಲ್ಲ. ಚಾನ್ಸ್ ಹೇಳಿದ್ದು ಸರಿ ಅಂತ ಈಗಲೂ ಅಂದ್ಕೋತೀನಿ. ಆದ್ರೆ ಆ ತಾಯಂದಿರೂ ತಾವಾಗೇ ಬಂದು ಆ ಕ್ಯಾಮೆರಾ ಮುಂದೆ ನಿಂತಿದ್ದಾರಲ್ಲ, ಅವರಿಗೆ ನಾನೇನು ಹೇಳ್ಲಿ?

ನೋಡೋದಾದ್ರೆ ನನ್ನ ಸಲಹೆ, ನಾಟಕ ಮೊದಲು ಓದಿ. ಚಿಕ್ಕದು, ಒಂದು ಭಾನುವಾರಕ್ಕೆ ಮುಗಿಯುತ್ತೆ. ಅಧಿಕಾರಿ ಖಜಾನೆಗೆ ಬರೋ ದೃಶ್ಯ ಬಂದಾಗ ನಿಧಾನವಾಗಿ ಓದಿ. ಆಮೇಲೆ ಸಿನಿಮಾ. ನಿಮಗೆ ಬೇರೆ ಥರ ಅನ್ನಿಸಿದ್ರೆ ವಾಯ್ಸ್ ಮೆಸೇಜ್ ಕಳಿಸಿ, ಒಳ್ಳೇ ಜಗಳ ಇದ್ರೆ ಮುಂದಿನ ಎಪಿಸೋಡ್‌ನಲ್ಲಿ ಹಾಕ್ತೀನಿ. ಅಮ್ಮ, ಇಲ್ಲಿವರೆಗೂ ಕೇಳಿದ್ರೆ, ಊಟಕ್ಕೆ ಬರ್ತಿದ್ದೀನಿ. ಸಿಗೋಣ.